ಶ್ರೀ ಬೆಟ್ಟಸ್ವಾಮಿಯವರ ಸೇವಾರ್ಥ

12-1-2002, ಶನಿವಾರ

ಇವತ್ತೂ ಉಪ್ಪಿಟ್ಟು. ಬಚ್ಚಲುಮನೆ ಬಾಗಿಲಲ್ಲಿ ಸ್ಟೌ, ಸ್ಟೌ ಪಕ್ಕ ಪೊರಕೆ, ಪೊರಕೆ ಪಕ್ಕ ಸದರಿ ಉಪ್ಪಿಟ್ಟು. ಸೋಪಿನ ವಾಸನೆ. ಬಾಯಿಗಿಟ್ಟರೆ ಸ್ನಾನ ಮಾಡಿದಂತಾಗುತ್ತದೆ. ಅಣ್ಣ ಎರಡು ಸಲ ಹಾಕಿಸಿಕೊಂಡು ತಿಂದ. ಕಾಂತೇಶ್ ಎಂಬ ಈ ಜೀವಿ ಏನು ಬಡಿಸಿದರೂ ತಿನ್ನುತ್ತದೆ, ಏನು ಅಂದರೂ ಸುಮ್ಮನಿರುತ್ತದೆ. ನಮ್ಮೂರ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಇವನ ಮಿಷಿನ್ನಾದರೂ ಸದ್ದು ಮಾಡುತ್ತಂತೆ.

ಅಡುಗೆಮನೆ ಮೊನ್ನೆ ದೈವಾಧೀನವಾಯಿತು. ಹಳೇ ಮರದ ಚೌಕಟ್ಟುಗಳನ್ನು ಕಿತ್ತರು. ಅಂತಿಮ ದರ್ಶನ ಪಡೆದೆ. ಕಪ್ಪು ಜಿಡ್ಡು, ಹಲ್ಲಿ ಮೊಟ್ಟೆ, ಜಿರಲೆಗಳ ತುಂಬು ಕುಟುಂಬ, ಒಣಗಿ ಹಪ್ಪಳವಾದ ಒಂದು ಇಲಿ. ಇದರ ಮುಂದೆ ಕೂತು ಇಷ್ಟು ವರ್ಷ ಉಂಡಿದ್ದೇವೆ. ಥೂ. ಇಲಿಯ ಗೌರವಾರ್ಥ ಮೌನ ಆಚರಿಸಿದೆ. ಅಮ್ಮ ಸೌಟು ತೋರಿಸಿದಳು.

ಇದೆಲ್ಲ ಅಣ್ಣನ ಮದುವೆಯ ಸಲುವಾಗಿ. ಹುಡುಗಿ ಕುಣಿಗಲ್ಲಿನ ಶಾಂತಲಾ. ಅವರಪ್ಪ ಬೆಟ್ಟಸ್ವಾಮಿಯವರದು ಪ್ಲೈವುಡ್ ಕೆಲಸದ ಅಂಗಡಿ — ಮಂಚ, ಶೋಕೇಸು, ಕಿಚನ್ನು. ನಿಶ್ಚಿತಾರ್ಥದ ದಿನ ನಮ್ಮಪ್ಪ, ಗುಬ್ಬಿಯ ಆಫೀಸೊಂದರ ಮಾನ್ಯ ಗುಮಾಸ್ತರಾದ ಚೌಡಪ್ಪನವರು, ಎದ್ದು ನಿಂತು ಛತ್ರಕ್ಕೆಲ್ಲ ಕೇಳುವಂತೆ ಹೇಳಿದರು:

"ವರದಕ್ಷಿಣೆ ಅನ್ನೋ ಮಾತೇ ನಮ್ ಮನೇಲಿಲ್ಲ ಬೀಗರೇ. ನಮಗೇನೂ ಬೇಡ."

ಜನ ತಲೆದೂಗಿದರು. ನನ್ನ ಎದೆಯೂ ಉಬ್ಬಿತು. ಊಟದ ಎಲೆ ಎತ್ತುವ ಹೊತ್ತಿಗೆ ಬೀಗರನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನೂ ಕೇಳಿಸಿಕೊಂಡೆ. "ಅಡುಗೆಮನೆ ಮಾತ್ರ ಒಂಚೂರು ಹಳೇದು. ನಿಮ್ ಮಗಳೇ ಅಲ್ವಾ ನಿಂತು ಬೇಯ್ಸೋದು. ಬಾಗ್ಲು ಗೀಗ್ಲು ನಿಮ್ದೇ ಕೆಲ್ಸ ಬೇರೆ…"

ಉಬ್ಬಿದ್ದು ಇಳಿಯಿತು.

20-1-2002, ಭಾನುವಾರ

ಬೆಟ್ಟಸ್ವಾಮಿಯವರು ತಾವೇ ಟೇಪು ಹಿಡಿದು ಬಂದರು. ನಮ್ಮ ಗೋಡೆ ಸೊಟ್ಟ, ಕಡಪಾ ಕಲ್ಲು ಇನ್ನೂ ಸೊಟ್ಟ. ಒಂದೊಂದು ಗೂಡಿಗೂ ಒಂದೊಂದು ಅಳತೆ.

"ರೆಡಿಮೇಡು ಕೂರಕಿಲ್ಲವ್ವ. ಇದಕ್ಕೇ ಅಂತ ಕುಯ್ಯಬೇಕು. ಕುಯ್ದ ಮೇಲೆ ಇನ್ಯಾರ ಮನೆಗೂ ಆಗಾಕಿಲ್ಲ," ಅಂದರು. ಆಮೇಲೆ ಕೈ ಎತ್ತಿ ಗಾಳಿಯಲ್ಲಿ ಒಂದು ಎತ್ತರ ನೋಡಿಕೊಂಡು, "ನಮ್ ಹುಡ್ಗಿ ಕುಳ್ಳಿ. ಹಿಡಿ ಕೆಳಗಡೆ ಹಾಕ್ತೀನಿ."

ಒಡೆದ ಗೋಡೆಗೆ ನಾನು ಬೋರ್ಡು ಅಂಟಿಸಿದ್ದೆ. "ಕಾಮಗಾರಿ ಪ್ರಗತಿಯಲ್ಲಿದೆ. ಜಿರಲೆಗಳು ಸಹಕರಿಸಬೇಕಾಗಿ ವಿನಂತಿ." ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾರವ್ವ ಬರ್ದಿದ್ದು? ಅಕ್ಷರ ಚಂದಾಗವೆ." ತಲೆ ಬಾಗಿ ಪ್ರಶಸ್ತಿ ಸ್ವೀಕರಿಸಿದೆ.

ಅಮ್ಮ ಕಾಫಿ ಕಲರ್ ಸನ್ಮೈಕಾ ಆರಿಸಿದಳು. ಹೊರಡುವಾಗ ಅಪ್ಪ: "ನಮಗೇನೂ ಬೇಡ ಬೀಗರೇ. ಪ್ಲೈ ಮಾತ್ರ ವಾಟರ್‌ಪ್ರೂಫ್ ಹಾಕ್ಸಿ." ಗೇಟಿನ ಹತ್ತಿರ: "ಹಂಗೇ ಅಟ್ಟಕ್ಕೂ ಒಂದೆರಡು ಬಾಗ್ಲು."

ಈ ಮನೆಯಲ್ಲಿ ಏನೂ ಬೇಡವಾದಾಗಲೆಲ್ಲ ಏನಾದರೊಂದು ಬೇಕಾಗುತ್ತದೆ.

5-2-2002, ಮಂಗಳವಾರ

ಗುಬ್ಬಿಯಲ್ಲಿ ಅಪ್ಪ ಯಾರೋ ಆಫೀಸರ ಕಿಚನ್ ನೋಡಿ ಬಂದಿದ್ದಾರೆ. ಕಾಫಿ ಕಲರು ಔಟ್ ಆಫ್ ಫ್ಯಾಷನ್ ಅಂತೆ. ಕ್ರೀಮ್ ಬೇಕಂತೆ. ಕುಣಿಗಲ್ಲಿಗೆ ಫೋನು. ಅಲ್ಲಿ ಆಗಲೇ ಅಂಟಿಸಿ ಆಗಿದೆ. "ಕಿತ್ತು ಹೊಸದು ಹಾಕ್ಸಿ ಬೀಗರೇ, ನಮಗೇನೂ ಬೇಡ, ನೋಡೋರ ಕಣ್ಣಿಗೆ ಅಷ್ಟೆ."

ಎಷ್ಟು ಸಲೀಸು! ತುಟಿ ಒರೆಸಿಕೊಂಡಷ್ಟು ಸಲೀಸು. ಇದೂ ವರದಕ್ಷಿಣೆಯೇ ಅಂತ ಅಮ್ಮನ ಹತ್ತಿರ ಹೇಳಿದೆ.

"ಸುಮ್ಕಿರೇ. ನಾಳೆ ನಿನ್ ಮದುವೇಲಿ ನಾವ್ ಕೊಡಲ್ವಾ?"

"ಯಾರ್ಗೆ ಕೊಡ್ತೀರಾ?"

"ಕೇಳ್ದೋರ್ಗೆ."

ಅಂದರೆ ಎಲ್ಲೋ ಒಂದು ಊರಿನಲ್ಲಿ ಯಾವನೋ ಒಬ್ಬ ಚೌಡಪ್ಪ ಈಗಲೇ ಅಡುಗೆಮನೆ ಒಡೆಸಿಕೊಂಡು ನನ್ನ ದಾರಿ ಕಾಯುತ್ತಿದ್ದಾನೆ.

16-2-2002, ಶನಿವಾರ

ಗೂಡುಗಳ ಬಾಗಿಲುಗಳು ಆಗಮಿಸಿದವು. ಕ್ರೀಮ್ ಬಣ್ಣ. ಬೆಟ್ಟಸ್ವಾಮಿಯವರೂ ಕೆಲಸದವರೂ ದಿನವಿಡೀ ನಿಂತು ಕೂರಿಸಿದರು. ನಮ್ಮ ಸೊಟ್ಟ ಮನೆಗೆ ಅಷ್ಟು ನೆಟ್ಟಗೆ ಕೂತ ವಸ್ತು ಇದೊಂದೇ. ಗೀರು ಬೀಳದಿರಲಿ ಅಂತ ಎಲ್ಲದರ ಮೇಲೂ ನ್ಯೂಸ್‌ಪೇಪರ್ ಅಂಟಿಸಿ ಹೋಗಿದ್ದಾರೆ. ಮುಂದಿನ ಭಾನುವಾರ ಕುಣಿಗಲ್ಲಿನವರು ಗಂಡಿನ ಮನೆ ನೋಡೋಕೆ ಬರುತ್ತಾರೆ. ಅವತ್ತು ಹಾಲು ಉಕ್ಕಿಸಿ, ಆಮೇಲೆ ಪೇಪರ್ ಕೀಳುವುದು. ಅಲ್ಲಿಯವರೆಗೆ ಯಾರೂ ಮುಟ್ಟಕೂಡದು — ಅಮ್ಮನ ಸುಗ್ರೀವಾಜ್ಞೆ.

ಮನೆಯೆಲ್ಲ ಫೆವಿಕಾಲ್ ನಾತ. ಆ ನಾತದಲ್ಲೇ ಅಪ್ಪ ಹಾಲಿನ ಗೋಡೆ ನೋಡುತ್ತ, "ಟಿವಿಗೆ ಒಂದು ಶೋಕೇಸು ಇದ್ದಿದ್ರೆ…" ಅಂದರು. ಬೆಟ್ಟಸ್ವಾಮಿಯವರು ಟೇಪು ಮಡಚುತ್ತಿದ್ದವರು ಮತ್ತೆ ಬಿಚ್ಚಿದರು. ಆ ಟೇಪಿನ ಸದ್ದು ಇನ್ನೂ ಕಿವಿಯಲ್ಲಿದೆ.

ಅಣ್ಣನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. "ಬಾಯಿ ಬಿಡೋ. ನಿನ್ ಮದುವೆ ಕಣೋ."

"ಅಪ್ಪ ಮಾತಾಡ್ತಾವ್ರಲ್ಲ. ನಂಗ್ಯಾಕ್ಲೇ?"

21-2-2002, ಗುರುವಾರ

ದೇವಸ್ಥಾನಕ್ಕೆ ಹೋಗಿದ್ದೆವು. ಕರೆಂಟ್ ಹೋಯಿತು, ಫ್ಯಾನ್ ನಿಂತಿತು. ಮೂರು ರೆಕ್ಕೆಯ ಮೇಲೂ ದಾನಿಯ ಹೆಸರು, ಕೆಂಪಕ್ಷರದಲ್ಲಿ. ತಿರುಗುವಾಗ ಪುಣ್ಯ ಕಾಣಿಸುವುದಿಲ್ಲ, ನಿಂತಾಗ ಮಾತ್ರ. ಟ್ಯೂಬ್‌ಲೈಟಿನ ಮೇಲೆ ಇಂಥವರ ಸೇವಾರ್ಥ. ಗಡಿಯಾರದ ಮೇಲೆ. ಚಪ್ಪಲಿ ಸ್ಟ್ಯಾಂಡಿನ ಮೇಲೂ.

ಕೊಟ್ಟವರ ಹೆಸರು ಬರೆಯುವುದು ನಮ್ಮ ಸಂಸ್ಕೃತಿ. ನಮ್ಮ ಮನೆಯಲ್ಲೇ ಈ ಸಂಸ್ಕೃತಿ ಯಾಕೆ ಮರೆತುಹೋಗಿದೆ?

23-2-2002, ಶನಿವಾರ, ಸಂಜೆ

ಅಪ್ಪ ಅಮ್ಮ ಗುಬ್ಬಿಗೆ ನಾಮಕರಣಕ್ಕೆ. ಅಣ್ಣ ಡ್ಯೂಟಿಗೆ. ನಾನು ಸೇವೆಗೆ.

ಕೆಂಪು ಎನಾಮಲ್, ಸಣ್ಣ ಬ್ರಷ್ಷು. ಕಾಲೇಜಿನ ಬೋರ್ಡುಗಳನ್ನೆಲ್ಲ ಬರೆಯುವವಳು ನಾನೇ. ಪೇಪರ್ ಎತ್ತಿ, ಬರೆದು, ಒಣಗಿದ ಮೇಲೆ ಮತ್ತೆ ಅಂಟಿಸಿದೆ. ಅಟ್ಟದ ಬಾಗಿಲಿಗೆ ಸ್ಟೂಲು ಹತ್ತಿದೆ. ಒಂದನ್ನೂ ಬಿಟ್ಟಿಲ್ಲ. ಪ್ರತಿಯೊಂದರ ಮೇಲೂ:

ಶ್ರೀ ಬೆಟ್ಟಸ್ವಾಮಿ, ಕುಣಿಗಲ್, ಇವರ ಸೇವಾರ್ಥ.

ನಾಳೆ ಅಪ್ಪನ ಮುಖ ನೋಡಬೇಕು. ಆ ಒಂದು ಮುಖಕ್ಕಾಗಿ ಇಷ್ಟು ದಿನದ ಉಪ್ಪಿಟ್ಟನ್ನು ಕ್ಷಮಿಸಲು ಸಿದ್ಧಳಿದ್ದೇನೆ.

24-2-2002, ಭಾನುವಾರ

ಕೈ ಕೆಂಪಾಗಿದೆ. ಬಣ್ಣ ಉಗುರು ಬಿಡುತ್ತಿಲ್ಲ.

ಹಾಲು ಉಕ್ಕಿತು. ಮ್ಯಾಟಡೋರ್ ತುಂಬ ಕುಣಿಗಲ್ಲಿನ ಜನ. ನಮ್ಮ ಕಡೆಯವರೂ ಸೇರಿ ಅಡುಗೆಮನೆ ಬಾಗಿಲಲ್ಲಿ ನೂಕುನುಗ್ಗಲು. ಅಪ್ಪ ಕನ್ನಡಕ ಹಾಕಿರಲಿಲ್ಲ. ಮೊದಲ ಪೇಪರ್ ಸರ್ರನೆ ಹರಿದರು.

"ನೋಡಿ, ಕಂಪನಿ ಸೀಲು! ಒರಿಜಿನಲ್ಲು."

ಎರಡನೆಯದು ಹರಿದರು. "ಎಲ್ಲದ್ರ ಮೇಲೂ ಐತೆ!"

ಶಾಂತಲಾ ಅವರ ಸೋದರತ್ತೆ ದಾಕ್ಷಾಯಣಿ, ಹುಲಿಯೂರುದುರ್ಗದಲ್ಲಿ ಟೀಚರು. ಕ್ಲಾಸಿನಲ್ಲಿ ಓದಿಸುವ ದನಿಯಲ್ಲಿ, ಒಂದಕ್ಷರ ನುಂಗದೆ, ಓದಿಬಿಟ್ಟರು. ನಮ್ಮ ಕಡೆಯ ಯಾರೋ ಕಿಸಕ್ಕಂದರು.

ಅಪ್ಪನ ಮುಖ ನೋಡಿದೆ. ಇಷ್ಟೇ ನನಗೆ ಬೇಕಾಗಿದ್ದದ್ದು. ಒಂದು ಗಳಿಗೆ ಇತ್ತು ಆ ಮುಖ. ಆಮೇಲೆ ಬೀಗರ ಕಡೆ ತಿರುಗಿತು.

"ಏನ್ರೀ ಬೀಗರೇ ಇದು? ನಿಮ್ಮತ್ರ ಭಿಕ್ಷೆ ಬೇಡಿದ್ವಾ ನಾವು? ಜನದ ಮುಂದೆ ಮಾನ ತೆಗೆಯಕ್ಕೆ ಬರ್ಸ್ಕೊಂಡ್ ಬಂದ್ರಾ?"

"ದೇವ್ರಾಣೆ ನಾನ್ ಬರ್ಸಿಲ್ಲ ಬೀಗರೇ."

"ನಿಮ್ ಹೆಸರು ನಮ್ಮನೇಲಿ ಇನ್ಯಾರ್ ಬರೀತಾರ್ರೀ?"

ಬೆಟ್ಟಸ್ವಾಮಿಯವರು ಅಕ್ಷರಗಳನ್ನು ನೋಡಿದರು. ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದ ನನ್ನನ್ನೂ ಒಂದು ಸಲ ನೋಡಿದರು. ಆಮೇಲೆ ನನ್ನನ್ನೇ ಕೇಳಿದರು:

"ಸೀಮೆಎಣ್ಣೆ ಇದ್ರೆ ಒಂಚೂರು ಕೊಡವ್ವ. ಬಟ್ಟೆ ಒಂದು."

ತಂದುಕೊಟ್ಟೆ. ಹೊಸ ಪಂಚೆಯನ್ನು ಮೇಲೆ ಸಿಕ್ಕಿಸಿಕೊಂಡು ನಮ್ಮ ಅಡುಗೆಮನೆಯಲ್ಲಿ ಮಂಡಿಯೂರಿ ಕೂತರು. ತಮ್ಮ ಹೆಸರನ್ನು ತಾವೇ ಉಜ್ಜತೊಡಗಿದರು. ಕ್ರೀಮ್ ಬಣ್ಣದ ಮೇಲೆಲ್ಲ ಕೆಂಪು ಹರಡಿತು. ಏಳಿ ಅಂತ ಒಬ್ಬರೂ ಅನ್ನಲಿಲ್ಲ. ಅಣ್ಣ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ನಾನು… ನಾನೂ ಅನ್ನಲಿಲ್ಲ. ನಾನು ಎಲ್ಲರಿಗೂ ಕೇಸರಿಬಾತ್ ಕೊಟ್ಟೆ.

25-2-2002, ಸೋಮವಾರ

ಬೆಳಿಗ್ಗೆ ಕಾಫಿ ಹೊತ್ತಿಗೆ ಅಪ್ಪನ ಆದೇಶ ಹೊರಬಿತ್ತು. ಅವಮಾನ ಮಾಡಿದ್ದಕ್ಕೆ ಪರಿಹಾರವಾಗಿ ಬಾಗಿಲು ಅಷ್ಟೂ ಹೊಸದಾಗಿ ಮಾಡಿಕೊಡಬೇಕು. ಶೋಕೇಸು ಅದರ ಜೊತೆಗೆ. ಆಮೇಲೆ ಲಗ್ನಪತ್ರಿಕೆ ಅಚ್ಚಿಗೆ.

ಎದ್ದು ನಿಂತೆ. "ಬರ್ದಿದ್ದು ನಾನು." ಉಗುರು ತೋರಿಸಿದೆ.

ಅಮ್ಮ ಬೆಚ್ಚಲಿಲ್ಲ. ನನ್ನ ಅಕ್ಷರ ಅವಳಿಗೆ ನಿನ್ನೆಯೇ ಗೊತ್ತಾಗಿತ್ತು. ಅಪ್ಪನ ಕೈ ಏಳುತ್ತದೆ ಅಂತ ಕೆನ್ನೆ ಗಟ್ಟಿ ಮಾಡಿಕೊಂಡೆ. ಅಪ್ಪ ಲೋಟ ಕೆಳಗಿಟ್ಟು ಯೋಚಿಸಿದರು.

"ಯಾರ್ಗಾದ್ರೂ ಹೇಳಿದ್ದೀಯಾ?"

"ಇಲ್ಲ."

"ಹೇಳ್ಬೇಡ."

ಲೋಟ ಎತ್ತಿಕೊಂಡು ಉಳಿದ ಕಾಫಿ ಕುಡಿದರು.

ಹೊಡೆದಿದ್ದರೆ ಚೆನ್ನಾಗಿತ್ತು. ಆ ಒಣಗಿದ ಇಲಿ ಎಷ್ಟೋ ಚೊಕ್ಕಟ. ಅಣ್ಣ ಎದುರಿಗೇ ಕೂತಿದ್ದ. ಎಲ್ಲ ಕೇಳಿಸಿಕೊಂಡ. ಬಗ್ಗಿ ಶೂ ಲೇಸು ಕಟ್ಟಿಕೊಂಡ. ಡ್ಯೂಟಿಗೆ ಹೋದ.

27-2-2002, ಬುಧವಾರ

ಕಾಲೇಜಿಗೆ ಚಕ್ಕರ್. ಎಸ್‌ಟಿಡಿ ಬೂತಿನಿಂದ ಕುಣಿಗಲ್ಲಿಗೆ. ಪುಣ್ಯಕ್ಕೆ ಶಾಂತಲಾ ಅವರೇ ಎತ್ತಿದರು. ನಾನು ಯಾರೆಂದು ಹೇಳಿ, ಒಂದೇ ಉಸಿರಿನಲ್ಲಿ ಒದರಿಬಿಟ್ಟೆ.

"ಗೊತ್ತು ಕಣಮ್ಮ," ಅಂದರು. "ಅಪ್ಪಂಗೆ ಅಲ್ಲೇ ಗೊತ್ತಾಯ್ತಂತೆ. ಆ ಜಿರಲೆ ಬೋರ್ಡ್ ಬರ್ದಿರೋ ಅಕ್ಷರಾನೇ ಅಂತ."

"ಮತ್ತೆ ಯಾಕ್ ಹೇಳ್ಲಿಲ್ಲ ಅವ್ರು?"

"ಮನೆ ತುಂಬಾ ಜನ, ಹೆಣ್ಣುಡ್ಗಿ, ಏಟ್ ತಿಂತದೆ ಅಂದ್ರು."

ಬೂತಿನ ಗಾಜಿಗೆ ಹಣೆ ಒತ್ತಿಕೊಂಡು ನಿಂತೆ. ಅಪ್ಪನ ಹೊಸ ಆದೇಶವನ್ನೂ ಹೇಳಿದೆ. ಅತ್ತ ಕಡೆ ಅಂಗಡಿಯ ಗರಗಸ ನಿಲ್ಲಿಸೋಕೆ ಹೇಳಿ ಅವರು ಕೇಳಿದರು:

"ನಿಮ್ಮಣ್ಣಂಗೆ ಗೊತ್ತಾ, ಬರ್ದಿದ್ದು ನೀನು ಅಂತ?"

"ಎದುರಿಗೇ ಇದ್ದ."

"ಏನಂದ್ರು?"

"ಶೂ ಲೇಸು ಕಟ್ಕೊಂಡ."

"ಹಂಗಾದ್ರೆ ಅವ್ರಿಗೆ ಹೇಳು. ಬಾಗ್ಲು ಒಂದೂ ಬಿಡ್ದಂಗೆ ಬಿಚ್ಕೊಂಡು, ಅವ್ರೇ ತಂದು ನಮ್ಮಂಗಡಿ ಮುಂದೆ ಇಳಿಸ್ಲಿ. ಬಾಗ್ಲಿಲ್ದಿದ್ರೆ ನಾನ್ ಅಡುಗೆ ಮಾಡ್ಕೋತೀನಿ, ಅದೇನ್ ದೊಡ್ಡದಲ್ಲ. ಹನ್ನೊಂದನೇ ತಾರೀಕು ಪತ್ರಿಕೆ ಅಚ್ಚಿಗೆ ಹೋಗ್ಬೇಕು. ಅಷ್ಟರೊಳಗೆ ತರದಿದ್ರೆ ಅದ್ರಲ್ಲಿ ನನ್ ಹೆಸ್ರು ಹಾಕಿಸ್ಬೇಡಿ."

ಅತ್ತಿಗೆ, ಅಂದೆ. ಮೊದಲ ಸಲ. ಲೈನ್ ಕಟ್ಟಾಗಿತ್ತು.

ಅಣ್ಣನಿಗೆ ಒಂದಕ್ಷರ ಬಿಡದೆ ಒಪ್ಪಿಸಿದೆ. "ಹ್ಞೂಂ," ಅಂದ.

4-3-2002, ಸೋಮವಾರ

ಹ್ಞೂಂ ಅಂದರೆ ಏನು?

ಅಡುಗೆಮನೆ ನೋಡೋಕಾಗುತ್ತಿಲ್ಲ. ಕೆಂಪು ಸವರಿದ ಬಾಗಿಲುಗಳು, ಒಳಗೆ ಖಾಲಿ. ಡಬ್ಬಿಗಳು ಇನ್ನೂ ಬಚ್ಚಲ ಹತ್ತಿರವೇ. ಯಾಕೆ ಜೋಡಿಸಿಲ್ಲ ಅಂತ ಅಮ್ಮನನ್ನು ಕೇಳಿದೆ.

"ಕೈ ಬರ್ತಿಲ್ಲ ಕಣೇ. ಆ ಹಿಡಿ ಮುಟ್ಟಿದ್ರೆ ಆ ಮನುಷ್ಯ ಮಂಡಿ ಊರಿದ್ದು ಕಣ್ಮುಂದೆ ಬರ್ತದೆ."

ಅಪ್ಪ ಕುಣಿಗಲ್ಲಿಗೆ ಫೋನ್ ಮಾಡುತ್ತಲೇ ಇದ್ದಾರೆ. ಯಾರೂ ಎತ್ತುತ್ತಿಲ್ಲ. "ಕೊಬ್ಬು," ಅಂತಾರೆ.

ಅಣ್ಣ ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ. ಅವನನ್ನು ನೋಡಿದರೆ ಹೇಸಿಗೆ. ಕನ್ನಡಿ ನೋಡಿದರೂ ಅಷ್ಟೆ. ತಮಾಷೆ ಮಾಡೋಕೆ ಒಂದೂ ಹೊಳೆಯುತ್ತಿಲ್ಲ.

10-3-2002, ಭಾನುವಾರ, ಬೆಳಿಗ್ಗೆ

ಅಡುಗೆಮನೆಯಲ್ಲಿ ಕಿರ್ ಕಿರ್ ಸದ್ದಿಗೆ ಎಚ್ಚರವಾಯಿತು. ನೈಟ್ ಶಿಫ್ಟಿನ ಯೂನಿಫಾರಂನಲ್ಲೇ ಅಣ್ಣ ಸ್ಟೂಲಿನ ಮೇಲೆ. ಕೈಯಲ್ಲಿ ಸ್ಕ್ರೂಡ್ರೈವರ್. ತುಟಿಗಳ ನಡುವೆ ಸ್ಕ್ರೂಗಳು. ಕೆಳಗಿನ ಸಾಲು ಆಗಲೇ ಬರಿದು, ಬಾಗಿಲುಗಳೆಲ್ಲ ಹಾಲಿನ ಗೋಡೆಗೆ ಒರಗಿವೆ. ಬೀದಿಯಲ್ಲಿ ಲಗೇಜ್ ಆಟೋ ನಿಂತಿದೆ.

ಡೈರಿ ತಂದು ಹೊಸ್ತಿಲ ಮೇಲೆ ಕೂತಿದ್ದೇನೆ. ನೋಡಿದ್ದನ್ನು ನೋಡಿದಂತೆಯೇ ಬರೆಯಬೇಕು. ಆಮೇಲೆ ನಾನೇ ನಂಬಲಿಕ್ಕಿಲ್ಲ.

ಅಪ್ಪ ಪೇಪರ್ ಹಿಡಿದುಕೊಂಡು ಬಂದರು. ನಿಂತರು.

"ಏನ್ಲಾ ಮಾಡ್ತಿದ್ದೀಯ?"

ಕಿರ್ ಕಿರ್.

"ಲೋ, ಬಾಗ್ಲು ಹೋದ್ರೆ ಹೆಣ್ಣೂ ಹೋಯ್ತು ಅನ್ಕೋ!"

ಅಣ್ಣ ಸ್ಕ್ರೂಗಳನ್ನು ಅಂಗೈಗೆ ಉಗಿದುಕೊಂಡ.

"ಬಾಗ್ಲು ಹೋದ್ರೇನೇ ಅಪ್ಪ ಹೆಣ್ಣು ಬರೋದು. ಬಾಗ್ಲು ಇಳಿಸಿ ಬೆಟ್ಟಸ್ವಾಮಿಯೋರ ಕಾಲಿಗೆ ಬಿದ್ದು ಬತ್ತೀನಿ. ನೀವೂ ಬನ್ನಿ. ಆಟೋಲಿ ಮುಂದ್ಗಡೆ ಸೀಟೈತೆ."

ಅಪ್ಪ ಪೇಪರನ್ನು ಸುರುಳಿ ಸುತ್ತುತ್ತಿದ್ದಾರೆ. ಅಮ್ಮ ಅಪ್ಪನನ್ನು ದಾಟಿಕೊಂಡು ಒಳಗೆ ಹೋದಳು. ಸೆರಗು ಸಿಕ್ಕಿಸಿಕೊಂಡು ಅಟ್ಟದ ಬಾಗಿಲಿನ ಒಂದು ಕಡೆ ಹಿಡಿದಳು. ಅವಳಿಗೆ ಎಟುಕುತ್ತಿಲ್ಲ.

"ಲೇ, ಬರ್ದಿದ್ ಸಾಕು," ಅಂತಿದ್ದಾನೆ ಅಣ್ಣ. "ಬಂದು ಈ ಕಡೆ ಹಿಡ್ಕೊಳ್ಳೇ, ಒಂದೇ ಕೀಲಲ್ಲಿ ನೇತಾಡ್ತೈ—