ಧ್ವನಿಯಿಲ್ಲದ ಟಿವಿಯಲ್ಲಿ ಕಂಡ ಆತ್ಮವಿಶ್ವಾಸ

ಮಾನ್ಯ ತರಬೇತಿ ಮುಖ್ಯಸ್ಥರೇ,

ತಯಾರಿಗೆ ಒಂದು ದಿನವನ್ನೂ ಕೊಡದೆ ನಮ್ಮಿಂದ ಆತ್ಮವಿಶ್ವಾಸ ಮಾತ್ರ ಕೇಳುತ್ತಿದ್ದೀರಿ. ನನ್ನ ದೂರು ಇಷ್ಟೇ. ಒಳಗೆ ಹೇಳಿ ಹೇಳಿ ಸಾಕಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ.

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಹೊಸಬರಿಗೆ ಪ್ರೆಸ್ ಯಂತ್ರ ಕಲಿಸುವವರು ನಾವು. ತಗಡನ್ನು ಒಂದೇ ಏಟಿಗೆ ಕತ್ತರಿಸುವ ಆ ಯಂತ್ರಕ್ಕೆ ತಗಡು ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ. ನಮ್ಮ ತರಗತಿಯನ್ನು ತಾವು ತಮ್ಮ ಕೋಣೆಯ ಟಿವಿಯಲ್ಲಿ ನೋಡಿ ಅಂಕ ಹಾಕುತ್ತೀರಿ. ಚಿತ್ರ ಬರುತ್ತದೆ, ಧ್ವನಿ ಬರುವುದಿಲ್ಲ. ನೆಟ್ಟಗೆ ನಿಂತರೆ ಆತ್ಮವಿಶ್ವಾಸ, ಕೈಯಾಡಿಸಿದರೆ ಇನ್ನಷ್ಟು ಆತ್ಮವಿಶ್ವಾಸ, ನಕ್ಕರಂತೂ ಕೇಳುವುದೇ ಬೇಡ! ಹೇಳಿದ್ದೇನು ಎಂದು ತಿಳಿಯುವ ಕುತೂಹಲವಾದರೂ ತಮಗೆ ಬೇಡವೇ?

ಸಹೋದ್ಯೋಗಿ ಶ್ರೀಧರ್ ಪಾಠದ ಹಿಂದಿನ ದಿನ ಯಂತ್ರವನ್ನು ತಾವೇ ನಡೆಸಿ ನೋಡುತ್ತಿದ್ದರು. ತರಗತಿಯಲ್ಲಿ ತಡೆದು ತಡೆದು ಮಾತಾಡುತ್ತಿದ್ದರು, ಆಗಾಗ ಯಂತ್ರದ ಕಡೆ ತಿರುಗಿ ಮಾಡಿ ತೋರಿಸುತ್ತಿದ್ದರು. "ಏನ್ರೀ, ಕಲಿಯೋರಿಗೆ ಬೆನ್ನು ತೋರಿಸ್ತೀರಾ? ಕಾನ್ಫಿಡೆನ್ಸೇ ಇಲ್ವಲ್ರೀ ನಿಮ್ಗೆ," ಎಂದು ಅವರನ್ನು ಗೋದಾಮಿಗೆ ಹಾಕಿದಿರಿ. ಅವರ ಬಳಿ ಕಲಿತ ಒಬ್ಬರ ಬೆರಳಿಗೂ ಏಟಾಗಿರಲಿಲ್ಲ. ಅದು ತಮ್ಮ ಟಿವಿಯಲ್ಲಿ ಕಾಣಲಿಲ್ಲ.

ಕಳೆದ ವಾರ ನನ್ನನ್ನು ಹೊಗಳಿದಿರಿ. "ಸಕ್ಕತ್ ಕಾನ್ಫಿಡೆಂಟಾಗಿದ್ರಿ ಮೇಡಂ, ಇದೇ ಬೇಕಾಗಿರೋದು!" ಆ ದಿನ ನಾನು ಕೈಯಾಡಿಸಿ ಹೇಳುತ್ತಿದ್ದುದೇನು ಗೊತ್ತೇ? "ಈ ಹೊಸ ಪ್ರೆಸ್ ನಾನೂ ನೋಡಿಲ್ಲ ಕಣ್ರಮ್ಮಾ, ಇನ್ನೂ ಪೆಟ್ಟಿಗೇಲೇ ಇದೆ. ನಾನು ಕಲಿಯೋವರ್ಗೂ ದಯವಿಟ್ಟು ಯಾರೂ ಮುಟ್ಬೇಡಿ." ತಮ್ಮ ಹೊಗಳಿಕೆ ಕೇಳಿ ನನಗೆ ಅಳು ಬಂತು. ಇದ್ದದ್ದನ್ನು ತಿಳಿಸಿದೆ. ತಾವು ನಕ್ಕು, "ಮ್ಯಾನೇಜ್ ಮಾಡಿ ಮೇಡಂ, ನೀವು ಮಾಡ್ತೀರ," ಎಂದಿರಿ.

ಈ ಸೋಮವಾರ ಪೆಟ್ಟಿಗೆ ಬಿಚ್ಚುತ್ತಾರೆ. ಬೆಳಿಗ್ಗೆ ನಾನು ಕಲಿಸಬೇಕು, ಮಧ್ಯಾಹ್ನ ಹೊಸಬರು ಅದರ ಮುಂದೆ ಕೆಲಸಕ್ಕೆ ಕೂರಬೇಕು. ಹೊಸದಾಗಿ ಸೇರಿದ ವೇಣಿ ಕೇಳಿದಳು: "ಮೇಡಂ, ನಿಮ್ಗೇ ಗೊತ್ತಿಲ್ಲ ಅಂದ್ರೆ ನಾವು ಯಾರ್ನ ಕೇಳೋದು?" ರಾಜೀನಾಮೆ ಕೊಟ್ಟರೆ ನನ್ನ ಜಾಗಕ್ಕೆ ಇನ್ನೂ ಚೆನ್ನಾಗಿ ನಗುವವರು ಬರುತ್ತಾರೆ. ಹಾಗಾಗಿ ಬಿಡಲೂ ಆಗುತ್ತಿಲ್ಲ, ಕಲಿಸಲೂ ಆಗುತ್ತಿಲ್ಲ.

ಪಾಠವನ್ನು ಎರಡು ದಿನ ಮುಂದೂಡಿ. ಶ್ರೀಧರ್ ಅವರನ್ನು ಕರೆಸಿ. ಇಬ್ಬರೂ ಆ ಯಂತ್ರವನ್ನು ಮೊದಲು ನಡೆಸಿ ಕಲಿಯುತ್ತೇವೆ. ಇದೂ ಸಾಧ್ಯವಿಲ್ಲವೆಂದರೆ ಸೋಮವಾರ ತಾವೇ ಕೆಳಗಿಳಿದು ಬನ್ನಿ. ನನ್ನ ಪಾಠ ಕೇಳಿ, ವೇಣಿಗಿಂತ ಮೊದಲು ತಾವು ಯಂತ್ರದ ಮುಂದೆ ಕೂತು, ಮೊದಲ ತಗಡನ್ನು ತಮ್ಮ ಕೈಯಿಂದಲೇ ಇಡಿ. ನನ್ನ ಮೇಲೆ ತಮಗೆ ಅಷ್ಟು ನಂಬಿಕೆಯಿದೆಯಲ್ಲ.

ಇಂತಿ,
ಸೋಮವಾರವೆಂದರೆ ಎದೆ ನಡುಗುವ
ಆಶಾರಾಣಿ
ಟಿ. ದಾಸರಹಳ್ಳಿ