ಚಂದ್ರನಿಗೆ ಯಾವ ಬಸ್ಸು

ಅಪ್ಪಾ,

ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ನಾನು ಹತ್ತಿದ ಖಾಸಗಿ ಬಸ್ಸಿನ ಕಂಡಕ್ಟರನ ತಲೆಗೂದಲಲ್ಲಿ ಈರುಳ್ಳಿ ಸಿಪ್ಪೆ ಸಿಕ್ಕಿಕೊಂಡಿತ್ತು. ಸರ್ಕಾರಿ ಬಸ್ಸಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಬೈಯಬೇಡ.

ನೀನು ಹೋದ ಮೇಲೆ ನಮ್ಮವರು ಚಂದ್ರನ ಕಡೆಗೊಂದು ರಾಕೆಟ್ ಹಾರಿಸಿದ್ದಾರೆ. ಅದಕ್ಕೇ ನಾನು ಪಾಠ ಮಾಡುವ ಚಾಮರಾಜನಗರದ ಕಾಲೇಜಿನಲ್ಲಿ ಇವತ್ತು ಚರ್ಚಾ ಸ್ಪರ್ಧೆ: ಬಾಹ್ಯಾಕಾಶದ ಕೆಲಸ ಸರ್ಕಾರದ ದುಡ್ಡಿನಲ್ಲೇ ನಡೆಯಬೇಕೋ, ಖಾಸಗಿ ಕಂಪನಿಗಳಿಗೆ ಬಿಡಬೇಕೋ? ತೀರ್ಪು ನನ್ನದು.

"ಸರ್ಕಾರಿ ಬಸ್ಸೇ ಬರ್ಲಿ ಅಂತ ಕೂತಿದ್ರೆ ನಾವ್ಯಾರೂ ಇವತ್ತು ಕಾಲೇಜಿಗೇ ಬರ್ತಿರ್ಲಿಲ್ಲ," ಎಂದಳು ಕಂಪನಿಗಳ ಪರ ನಿಂತ ಆಯಿಷಾ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಸರ್ಕಾರದ ಪರ ನಿಂತ ಶಿವಮಲ್ಲು ಎದ್ದ. "ಚಂದ್ರನ ತಾವ ಯಾವ ಪ್ಯಾಸೆಂಜರು ಕೈ ಅಡ್ಡ ಹಾಕ್ತಾನೆ ಕಣಮ್ಮಿ? ಕಲೆಕ್ಷನ್ ಇಲ್ದಿರೋ ರೂಟಿಗೆ ನಿನ್ ಕಂಪ್ನಿ ಓಯ್ತದಾ?" ಅಷ್ಟು ಹೇಳಿ, ಮುಂದಿನದು ಮರೆತು ನಿಂತುಬಿಟ್ಟ.

ಕುದೇರಿನ ಕೊನೆ ಟ್ರಿಪ್ಪಿಗೆ ನೀನು ಖಾಲಿ ಸರ್ಕಾರಿ ಬಸ್ಸು ಓಡಿಸುತ್ತಿದ್ದೆ. "ಒಂದ್ ಅಜ್ಜಿ ಕಾಯ್ತಾ ಕೂತಿದ್ರೂ ಓಗ್ಲೇಬೇಕು ಕಣವ್ವ" ಅನ್ನುತ್ತಿದ್ದೆ. ಚಂದ್ರನಲ್ಲಿ ಕಾಯುವ ಅಜ್ಜಿಯೂ ಇಲ್ಲ. ಹಾಗಿದ್ದರೆ ಯಾರೂ ಕಾಯದ ಕಡೆಗೆ ಮೊದಲು ಯಾರು ಹೋಗಬೇಕು? ಯೋಚಿಸಿದಷ್ಟೂ ನನಗೆ ಗೊಂದಲವೇ. ಖಾಲಿ ಸೀಟುಗಳನ್ನು ಹೊತ್ತು ಹೋಗುವಾಗ ನಿನಗೆ ಏನನ್ನಿಸುತ್ತಿತ್ತೋ, ನಾನು ಕೇಳಲೇ ಇಲ್ಲ.

ಜಿಲ್ಲಾ ಮಟ್ಟಕ್ಕೆ ಒಬ್ಬರನ್ನೇ ಕಳಿಸಬೇಕು. ಚೆನ್ನಾಗಿ ಮಾತಾಡಿದವಳು ಆಯಿಷಾ. ನಾಳೆ ಅವಳ ಹೆಸರನ್ನೇ ಹೇಳುತ್ತೇನೆ. ಆಮೇಲೆ ಶಿವಮಲ್ಲುವನ್ನು ಕರೆದು ನಿನ್ನ ವಿಷಯ ಹೇಳುತ್ತೇನೆ. ನನ್ನಪ್ಪ ಬಸ್ ಡ್ರೈವರ್ ಆಗಿದ್ದ ಎಂದು ಆ ಕಾಲೇಜಿನಲ್ಲಿ ಇದುವರೆಗೆ ಯಾರಿಗೂ ಗೊತ್ತಿಲ್ಲ.