ತಗಡಿನ ಆಚೆ ಬದಿ

ನವೆಂಬರ್ ೧೨, ರಾತ್ರಿ

‘ಬೆಂಕಿ ಮುಟ್ಟಿದ್ದು ಮರಳಿ ಕೂಡದು’ ಎಂದೇನೋ ಒಂದು ಸಾಲು. ಉಳಿದರ್ಧ ನೆನಪಾಗುತ್ತಿಲ್ಲ. ಬೆಸುಗೆ ಕಲಿಯಲು ಹೊರಟ ಮೇಲೆ ಅದನ್ನು ನಂಬುವುದೂ ಕಷ್ಟ.

ತೀರಿಹೋದ ಅಣ್ಣನ ಲಾರಿ ಮನೆ ಮುಂದೆಯೇ ನಿಂತಿದೆ. ಅವನ ಮೊಣಕೈ ಬಣ್ಣ ಸವೆಸಿದ ಬಾಗಿಲಿಗೆ ನಾನೇ ತೇಪೆ ಹಾಕಬೇಕೆಂಬ ಹಟ ನನ್ನದು. ಬೆಳಗಿನಿಂದ ಬೆಸುಗೆಯ ಬಿಸಿಗೆ ತೂತಿನ ಮೇಲೆ ತೂತು. ತಗಡು ಕಾಗದದಷ್ಟು ತೆಳು.

“ಅಕ್ಕಾ, ಒಂದೇ ಸಮ ಎಳೀಬೇಡಿ. ಒಂದು ಚುಕ್ಕೆ ಇಡಿ, ಆರಲಿ, ಆಮೇಲೆ ಇನ್ನೊಂದು. ಹಿಂದಿನಿಂದ ಯಾರಾದ್ರೂ ತಾಮ್ರದ ಪಟ್ಟಿ ಒತ್ತಿ ಹಿಡಿದ್ರೆ ತೂತು ಬೀಳಲ್ಲ. ಇನ್ನೊಂದು ಬಿದ್ರೆ ಬಾಗಿಲು ಗುಜರಿಗೇ!” ಸಂಜೆ ಹೀಗೆಂದು, ಬೆಸುಗೆ ಕಲಿಸುವ ಮೇಸ್ತ್ರಿ ಪಟ್ಟಿಯನ್ನು ಲಾರಿಯ ಸೀಟಿನ ಮೇಲಿಟ್ಟು ಹೊರಟುಹೋದ. ಹಿಡಿಯುವವರು ಯಾರಿದ್ದಾರೆ? ಕಪ್ಪುಗಾಜಿನ ಮುಖವಾಡವನ್ನು ಮುಖಕ್ಕೆ ಇಳಿಸಿ ಒಬ್ಬಳೇ ಶುರುಮಾಡಿದೆ. ಅದರೊಳಗಿಂದ ಕಿಡಿಯ ಹೊರತು ಏನೂ ಕಾಣುವುದಿಲ್ಲ.

ಆಮೇಲೆ ಒಂದೂ ತೂತು ಬೀಳಲಿಲ್ಲ. ಕೊನೆಯ ಚುಕ್ಕೆ ಆರುವಾಗ ಆಚೆಯಿಂದ ಯಾರೋ ತಗಡನ್ನು ಒತ್ತಿದಂತಾಯಿತು. ಕಾದ ಲೋಹ ಕುಗ್ಗುವುದೇ ಹಾಗೆ ಅಂದುಕೊಂಡೆ. ಈಗಲೂ ಅಂದುಕೊಳ್ಳುತ್ತಿದ್ದೇನೆ, ಆದರೆ…

ಪಕ್ಕದ ಮನೆಗೆ ಹೊಸದಾಗಿ ಬಂದಾಕೆ ಸ್ವಲ್ಪ ಹೊತ್ತಿನ ಮುಂಚೆ ಮನೆ ಬಾಗಿಲಲ್ಲಿ ನಿಂತು ನನ್ನನ್ನು ಗದರಿಸಿ ಹೋದಳು. “ಏನ್ರೀ, ನೀವೊಬ್ರೇ ಮುಖ ಮುಚ್ಕೊಂಡ್ರೆ ಆಯ್ತಾ? ಲಾರಿ ಒಳಗೆ ಪಟ್ಟಿ ಹಿಡ್ಕೊಂಡು ಕೂತಿದ್ರಲ್ಲ, ಅವ್ರಿಗೂ ಒಂದು ಕಪ್ಪು ಕನ್ನಡಕ ಕೊಡ್ಬಾರ್ದಾ? ಪಾಪ, ಬರಿಗಣ್ಣಲ್ಲೇ ನಿಮ್ಮನ್ನ ನೋಡ್ತಾ ಇದ್ರು.”